ದೋಣಿ ಎಂಜಿನ್‌ನ ಮೊದಲ ಬಿಸಿ

ಎಂಜಿನ್ ತಣ್ಣಗಿರುವಾಗ ತಡವರಿಸುತ್ತದೆ, ಮಿಸ್ ಹೊಡೆಯುತ್ತದೆ, ಬಿಸಿಯೇರಿದ ಮೇಲೆ ತಾನಾಗಿ ಸರಿಹೋಗುತ್ತದೆ ಎಂಬ ದೂರು ದೋಣಿಗೆ ಎಂಜಿನ್ ಬಂದ ಕಾಲದಿಂದಲೂ ಇದೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಯಾವುದೂ ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತ ಮೇಲಷ್ಟೇ ಹೊತ್ತಿಕೊಳ್ಳುತ್ತದೆ. ಆವಿಯಾಗಲು ಬಿಸಿ ಬೇಕು, ಆ ಬಿಸಿ ಹುಟ್ಟಬೇಕಾದರೆ ಎಂಜಿನ್ ಓಡುತ್ತಿರಬೇಕು. ಈ ಸಿಕ್ಕನ್ನು ಬಿಡಿಸಲು ಮೊದಲ ಬಿಸಿಯನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಒಂದೊಂದು ಕಾಲ ಒಂದೊಂದು ಉಪಾಯ ಕಂಡುಕೊಂಡಿತು. ಪ್ರತಿ ಉಪಾಯದ ಜೊತೆಗೆ ಅದರದೇ ಆದ ದೋಷವೂ, ಆ ದೋಷವನ್ನು ಪತ್ತೆಹಚ್ಚುವ ವಿಧಾನವೂ ಬೆಳೆದವು.

1886ರಲ್ಲಿ ಜರ್ಮನಿಯ ಕಾನ್‌ಸ್ಟಾಟ್ ಬಳಿಯ ನೆಕ್ಕರ್ ನದಿಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ ನಾಲ್ಕೂವರೆ ಮೀಟರ್ ಉದ್ದದ ದೋಣಿಯೊಂದಕ್ಕೆ ತಮ್ಮ ಪೆಟ್ರೋಲ್ ಎಂಜಿನ್ ಕೂರಿಸಿ ಓಡಿಸಿದರು. ಅದರಲ್ಲಿ ವಿದ್ಯುತ್ ಕಿಡಿ ಇರಲಿಲ್ಲ. ಸಿಲಿಂಡರ್‌ಗೆ ತಗಲಿಸಿದ ಸಣ್ಣ ಕೊಳವೆಯೊಂದನ್ನು ಹೊರಗಿನಿಂದ ದೀಪದ ಜ್ವಾಲೆ ಕಾಯಿಸುತ್ತಿತ್ತು. ಆ ಕೆಂಪಗೆ ಕಾದ ಕೊಳವೆಯೇ ಒಳಗಿನ ಮಿಶ್ರಣವನ್ನು ಹೊತ್ತಿಸುತ್ತಿತ್ತು. ದೀಪ ಸಣ್ಣಗಾದರೆ ಎಂಜಿನ್ ತಡವರಿಸುತ್ತಿತ್ತು, ಗಾಳಿಗೆ ನಂದಿದರೆ ನಿಂತೇಹೋಗುತ್ತಿತ್ತು. ಪೆಟ್ರೋಲ್ ಸಿಡಿಯಬಹುದೆಂದು ಜನ ಹೆದರುತ್ತಿದ್ದ ಕಾಲ ಅದು. ದೋಣಿ ವಿದ್ಯುತ್ತಿನಿಂದ ಓಡುತ್ತಿದೆ ಎಂದು ನಂಬಿಸಲು ಡೈಮ್ಲರ್ ಅದರ ಸುತ್ತ ತಂತಿ ಮತ್ತು ಪಿಂಗಾಣಿ ಗುಬ್ಬಿಗಳನ್ನು ಜೋಡಿಸಿದ್ದನೆಂದು ಹೇಳುತ್ತಾರೆ.

ಆ ಭಯ ಆಧಾರವಿಲ್ಲದ್ದಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ತಣ್ಣನೆಯ ಎಂಜಿನ್‌ಗೆ ವರವಾದ ಈ ಗುಣವೇ ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ಅಪಾಯ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಬೇಕಾದರೆ ಅದು ಸುಮಾರು 35ರಿಂದ 40 ಡಿಗ್ರಿಯವರೆಗಾದರೂ ಕಾದಿರಬೇಕು. ಹಾಗಾಗಿ ಅದು ಸುರಕ್ಷಿತ, ಅಗ್ಗವೂ ಹೌದು. ಆದರೆ ತಣ್ಣಗಿರುವ ಸಿಲಿಂಡರ್‌ನಲ್ಲಿ ಅದು ಏಳುವುದಿಲ್ಲ. ಭಾರವಾದ ಎಣ್ಣೆಯಿಂದ ಓಡುವ ಎಂಜಿನ್ ಕಟ್ಟಲು ಹೊರಟವರೆಲ್ಲ ಈ ಅಡ್ಡಿಯನ್ನು ದಾಟಲೇಬೇಕಾಯಿತು.

ದಾರಿ ತೋರಿಸಿದವನು ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್. 1890ರಲ್ಲಿ ಅವನು ಪೇಟೆಂಟ್ ಪಡೆದ ವಿನ್ಯಾಸದ ಎಂಜಿನ್‌ಗಳನ್ನು ಗ್ರಾಂಥಮ್ ಊರಿನ ರಿಚರ್ಡ್ ಹಾರ್ನ್‌ಸ್ಬಿ ಕಂಪನಿ 1892ರಿಂದ ಮಾರತೊಡಗಿತು. ಸಿಲಿಂಡರ್‌ನ ತಲೆಗೆ ಬೀಡಿನ ಒಂದು ಬುರುಡೆ ಅಂಟಿಕೊಂಡಿರುತ್ತಿತ್ತು. ಅದನ್ನು ಬ್ಲೋಲ್ಯಾಂಪಿನಿಂದ ಹತ್ತು ಹದಿನೈದು ನಿಮಿಷ ಕಾಯಿಸಿ, ಫ್ಲೈವೀಲ್ ತಿರುಗಿಸಿದರೆ ಎಣ್ಣೆ ಬಿಸಿ ಬುರುಡೆಗೆ ತಾಗಿ ಆವಿಯಾಗಿ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಓಡಲು ತೊಡಗಿದರೆ ಪ್ರತಿ ಸ್ಫೋಟವೂ ಬುರುಡೆಯನ್ನು ಬಿಸಿಯಾಗಿಡುತ್ತಿದ್ದುದರಿಂದ ದೀಪ ಆರಿಸಬಹುದಿತ್ತು. ಇದೇ ಹಾಟ್ ಬಲ್ಬ್ ಎಂಜಿನ್.

ಸ್ಟಾಕ್‌ಹೋಮಿನ ಬೋಲಿಂಡರ್ ಕಂಪನಿ ಈ ಬಗೆಯ ಎಂಜಿನ್ನನ್ನು ದೋಣಿಗೆ ಹೇಳಿಮಾಡಿಸಿದಂತೆ ತಿದ್ದಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಮೀನುಗಾರಿಕೆ ದೋಣಿಗಳಲ್ಲಿ ದಶಕಗಳ ಕಾಲ ಹಾಟ್ ಬಲ್ಬ್ ಎಂಜಿನ್‌ನದೇ ಸದ್ದು. ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿ 1912ರ ಸುಮಾರಿಗೆ ತನ್ನ ದೋಣಿಗಳಿಗೆ 15 ಅಶ್ವಶಕ್ತಿಯ ಬೋಲಿಂಡರ್ ಹಾಕಿಸಿತು. ಜಪಾನಿನ ಕರಾವಳಿಯಲ್ಲೂ ಎರಡನೇ ಮಹಾಯುದ್ಧದ ನಂತರದವರೆಗೆ ಇವು ಉಳಿದವು. ಮೀನುಗಾರರು ಇದನ್ನು ಮೆಚ್ಚಲು ಕಾರಣವಿತ್ತು. ಬಿಡಿಭಾಗ ಕಡಿಮೆ, ಎಣ್ಣೆ ಎಂಥದಾದರೂ ನಡೆಯುತ್ತಿತ್ತು, ಉಪ್ಪುನೀರಿಗೆ ಹಾಳಾಗುವ ವಿದ್ಯುತ್ ಭಾಗಗಳು ಇರಲೇ ಇಲ್ಲ.

ಇದರ ದೋಷವೂ ಬುರುಡೆಯಲ್ಲೇ ಇತ್ತು. ಕಾಲುವೆಯ ಬಾಗಿಲಿನಲ್ಲಿ ಸರದಿಗಾಗಿ ಕಾಯುತ್ತ ಎಂಜಿನ್ನನ್ನು ಬಹಳ ಹೊತ್ತು ನಿಧಾನಗತಿಯಲ್ಲಿ ಓಡಿಸಿದರೆ ಬುರುಡೆ ಆರುತ್ತಿತ್ತು. ಆಗ ಒಂದು ಸುತ್ತು ಹೊಡೆದು ಎರಡು ಸುತ್ತು ಬಿಡುವ ಸ್ಥಿತಿ. ಮತ್ತೆ ದೀಪ ಹಚ್ಚದೆ ಗತಿಯಿರಲಿಲ್ಲ. ಭಾರ ಹೆಚ್ಚಾದರೆ ಇದಕ್ಕೆ ತದ್ವಿರುದ್ಧ: ಬುರುಡೆ ಅತಿಯಾಗಿ ಕಾದು ಎಣ್ಣೆ ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳುತ್ತಿತ್ತು. ಅದನ್ನು ತಡೆಯಲು ಸಿಲಿಂಡರ್‌ಗೆ ನೀರಿನ ಹನಿ ಬಿಡುವ ಏರ್ಪಾಡು ಕೆಲವು ಎಂಜಿನ್‌ಗಳಲ್ಲಿತ್ತು. ಬುರುಡೆಯ ಬಣ್ಣ ನೋಡಿ, ಸದ್ದು ಕೇಳಿ ಎಂಜಿನ್‌ನ ಸ್ಥಿತಿ ಅಳೆಯುವುದೇ ಚಾಲಕನ ವಿದ್ಯೆಯಾಗಿತ್ತು.

ಅಮೆರಿಕ ಮತ್ತು ಕೆನಡಾದ ಕರಾವಳಿ ಪೆಟ್ರೋಲಿನ ದಾರಿ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೋವಾ ಸ್ಕಾಟಿಯಾ, ನ್ಯೂಫೌಂಡ್‌ಲ್ಯಾಂಡ್‌ಗಳ ಮೀನುಗಾರರು ಒಂಟಿ ಸಿಲಿಂಡರ್ ಎಂಜಿನ್ ಕೊಂಡರು. ಸಿಲಿಂಡರ್‌ನ ನೆತ್ತಿಯಲ್ಲಿ ನಲ್ಲಿಯಿರುವ ಸಣ್ಣ ಬಟ್ಟಲೊಂದಿತ್ತು. ಬೆಳಗಿನ ಚಳಿಯಲ್ಲಿ ಅದಕ್ಕೆ ಒಂದಿಷ್ಟು ಪೆಟ್ರೋಲ್ ಸುರಿದು, ನಲ್ಲಿ ತಿರುಗಿಸಿ ನೇರವಾಗಿ ಸಿಲಿಂಡರ್‌ಗೆ ಇಳಿಸುತ್ತಿದ್ದರು. 1909ರಲ್ಲಿ ಮಿಲ್ವಾಕಿಯ ಓಲೆ ಎವಿನ್‌ರೂಡ್ ದೋಣಿಯ ಹಿಂಬದಿಗೆ ಸಿಕ್ಕಿಸುವ ಒಂದೂವರೆ ಅಶ್ವಶಕ್ತಿಯ ಎಂಜಿನ್ ಮಾರುಕಟ್ಟೆಗೆ ತಂದ ಮೇಲೆ ಔಟ್‌ಬೋರ್ಡ್ ಎಂಜಿನ್ ಮನೆಮಾತಾಯಿತು. ಬಟ್ಟಲಿನ ಕೆಲಸವನ್ನು ಕ್ರಮೇಣ ಕಾರ್ಬುರೇಟರ್‌ನ ಚೋಕ್ ವಹಿಸಿಕೊಂಡಿತು. ತಣ್ಣನೆಯ ಲೋಹಕ್ಕೆ ತಾಗಿದ ಪೆಟ್ರೋಲಿನಲ್ಲಿ ಹೆಚ್ಚಿನ ಪಾಲು ಹನಿಗಟ್ಟಿ ಗೋಡೆಗೆ ಅಂಟುತ್ತದೆ. ಚೋಕ್ ಗಾಳಿಯನ್ನು ತಡೆದು, ಮಾಮೂಲಿಗಿಂತ ಬಹಳ ಹೆಚ್ಚು ಪೆಟ್ರೋಲ್ ಹೀರುವಂತೆ ಮಾಡಿ ಆ ಕೊರತೆ ತುಂಬುತ್ತದೆ. ಚೋಕ್ ಪೂರ್ತಿ ಮುಚ್ಚದಿದ್ದರೆ ಎಂಜಿನ್ ಏಳುವುದಿಲ್ಲ, ಎದ್ದ ಮೇಲೆ ತೆರೆಯದಿದ್ದರೆ ಪ್ಲಗ್ ಒದ್ದೆಯಾಗಿ ಕಪ್ಪು ಹೊಗೆ ಬರುತ್ತದೆ.

ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆ ಗೆದ್ದಾಗ ಮೊದಲ ಬಿಸಿಗೆ ಹೊಸ ಮೂಲ ಸಿಕ್ಕಿತು: ಗಾಳಿಯ ಒತ್ತಡ. ಗಾಳಿಯನ್ನು ಬಲವಾಗಿ ಅದುಮಿದರೆ ಅದರ ಬಿಸಿ 500 ಡಿಗ್ರಿ ದಾಟುತ್ತದೆ, ಚಿಮ್ಮಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಈ ತತ್ವ ಸಣ್ಣ ದೋಣಿಗೆ ಇಳಿಯಲು ಮೂರು ದಶಕಗಳೇ ಬೇಕಾದವು. 1922ರಲ್ಲಿ ಬಾಷ್ ಕಂಪನಿ ತಣ್ಣನೆಯ ಸಿಲಿಂಡರ್‌ನ ಒಳಗನ್ನು ವಿದ್ಯುತ್ತಿನಿಂದ ಕಾಯಿಸುವ ಗ್ಲೋ ಪ್ಲಗ್ ತಂದಿತು, 1927ರಲ್ಲಿ ಎಣ್ಣೆ ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1933ರಲ್ಲಿ ಜಪಾನಿನ ಯಾನ್‌ಮಾರ್ ಕಂಪನಿಯ ಸ್ಥಾಪಕ ಯಾಮಾಒಕ ಮಾಗೊಕಿಚಿ ಸಣ್ಣ ಡೀಸೆಲ್ ಎಂಜಿನ್ ಸಿದ್ಧಪಡಿಸಿದರು. ಬ್ಯಾಟರಿ ಇಲ್ಲದ ದೋಣಿಯಲ್ಲಿ ಗಾಳಿಯ ಒತ್ತಡ ಅಡ್ಡಿಯಾಗದಂತೆ ವಾಲ್ವ್ ಎತ್ತಿಹಿಡಿದು ಫ್ಲೈವೀಲನ್ನು ಕೈಯಿಂದ ಜೋರಾಗಿ ತಿರುಗಿಸಿ, ವೇಗ ಬಂದ ಕೂಡಲೇ ವಾಲ್ವ್ ಬಿಡುತ್ತಿದ್ದರು.

ಡೀಸೆಲ್‌ನ ತಣ್ಣನೆಯ ದೋಷ ಹೊಗೆಯಲ್ಲಿ ಕಾಣುತ್ತದೆ. ಅದುಮಿದ ಗಾಳಿಯ ಬಿಸಿಯನ್ನು ತಣ್ಣನೆಯ ಗೋಡೆ ಹೀರಿಕೊಂಡಾಗ ಎಣ್ಣೆ ಅರೆಬರೆ ಉರಿದು ಬಿಳಿ ಹೊಗೆ ಬರುತ್ತದೆ, ಕಟಕಟ ಬಡಿತ ಕೇಳುತ್ತದೆ. ರಿಂಗ್ ಸವೆದಿದ್ದರೆ ಗಾಳಿ ಸೋರಿ ಇದು ಇನ್ನೂ ಹೆಚ್ಚುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಕಿರಿದಾಗುವುದರಿಂದ ದೋಷ ಮರೆಯಾಗುತ್ತದೆ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕರಣದ ದೊಡ್ಡ ಹೆಜ್ಜೆ ಇಂಡೋ-ನಾರ್ವೇಜಿಯನ್ ಯೋಜನೆ. 1952ರ ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಕೆಲಸ ಶುರುವಾಯಿತು. ಅರವತ್ತರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ದೋಣಿ ಬಂದ ಮೇಲೆ ಎಂಜಿನ್ ನೋಡಿಕೊಳ್ಳುವವರೂ ಬೇಕಾದರು. 1963ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರ ತರಬೇತಿ ಸಂಸ್ಥೆ ಮೀನುಗಾರಿಕೆ ಹಡಗುಗಳಿಗೆ ಬೇಕಾದ ಚಾಲಕರನ್ನೂ ಎಂಜಿನ್ ಸಿಬ್ಬಂದಿಯನ್ನೂ ತಯಾರುಮಾಡಿತು. ಮಂಗಳೂರು, ಮಲ್ಪೆಗಳಲ್ಲಿ ಟ್ರಾಲ್ ಬೋಟುಗಳು ಹೆಚ್ಚಿದವು. ಎಪ್ಪತ್ತರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟು ಬಂದು ದಡದಿಂದ ಎಳೆಯುವ ರಂಪಣಿ ಬಲೆ ಹಿಂದೆ ಸರಿಯಿತು. ಈ ಬೋಟುಗಳೆಲ್ಲ ಡೀಸೆಲ್‌ನವು.

ನಾಡದೋಣಿಯ ದಾರಿ ಬೇರೆಯಾಯಿತು. ಎಂಬತ್ತರ ದಶಕದಲ್ಲಿ ಕೇರಳದಲ್ಲೂ ಕರ್ನಾಟಕದಲ್ಲೂ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಹತ್ತಿತು. ಪೆಟ್ರೋಲ್ ದುಬಾರಿಯಾದ್ದರಿಂದ ಸೀಮೆಎಣ್ಣೆಯಲ್ಲಿ ಓಡುವ ಜಪಾನಿ ಎಂಜಿನ್‌ಗಳು ಹರಡಿದವು, ಸರ್ಕಾರ ಸಹಾಯಧನದ ಸೀಮೆಎಣ್ಣೆಗೆ ಪರ್ಮಿಟ್ ಕೊಡತೊಡಗಿತು. ಹೀಗೆ ಅಕ್ರಾಯ್ಡ್ ಸ್ಟುವರ್ಟ್ ಎದುರಿಸಿದ್ದ ಅದೇ ಪ್ರಶ್ನೆ ನಾಡದೋಣಿಯ ಹಿಂಬದಿಯಲ್ಲಿ ಮತ್ತೆ ಎದ್ದಿತು. ಈ ಬಾರಿಯ ಉತ್ತರ ಎರಡು ಇಂಧನ. ಪೆಟ್ರೋಲ್‌ನಲ್ಲಿ ಎಂಜಿನ್ ಎಬ್ಬಿಸಿ, ಅದು ಬಿಸಿಯೇರಿದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬದಲಿಸಬೇಕು. ದಡಕ್ಕೆ ಮರಳುವಾಗ ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ಬಂದು, ಕಾರ್ಬುರೇಟರ್‌ನಲ್ಲಿ ಉಳಿದ ಸೀಮೆಎಣ್ಣೆಯನ್ನು ಪೂರ್ತಿ ಉರಿಸಿಬಿಡಬೇಕು. ಈ ಕೊನೆಯ ಕೆಲಸ ತಪ್ಪಿದರೆ ಮರುದಿನ ಎಂಜಿನ್ ಏಳುವುದು ಕಷ್ಟ, ಎದ್ದರೂ ಮಿಸ್ ಹೊಡೆಯುತ್ತದೆ. ಬೇಗ ಸೀಮೆಎಣ್ಣೆಗೆ ಬದಲಿಸಿದರೂ ಅದೇ ಫಲ. ಅರೆ ಉರಿದ ಎಣ್ಣೆ ಪ್ಲಗ್‌ಗೆ ಕಾರ್ಬನ್ ಕಟ್ಟಿಸಿ ಕಿಡಿಯನ್ನೂ ಕುಗ್ಗಿಸುತ್ತದೆ.

ಕರಾವಳಿಯಲ್ಲಿ ಹಿಮ ಬೀಳುವುದಿಲ್ಲ, ಆದರೂ ಈ ತೊಂದರೆ ತಪ್ಪಲಿಲ್ಲ. ರಾತ್ರಿಯೆಲ್ಲ ನಿಂತ ಎಂಜಿನ್ 25 ಡಿಗ್ರಿಯಲ್ಲಿದ್ದರೂ ಸೀಮೆಎಣ್ಣೆಯ ಮಟ್ಟಿಗೆ ತಣ್ಣಗೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಮಳೆಗಾಲದ ಅಬ್ಬರದಲ್ಲಿ ಅಳಿವೆ ಬಾಗಿಲು ದಾಟುವ ನಾಡದೋಣಿಗೆ ಎಂಜಿನ್ ತಡವರಿಸುವುದು ಜೀವದ ಪ್ರಶ್ನೆ. ಎರಡು ತಿಂಗಳು ದಡದಲ್ಲಿ ನಿಂತ ಬೋಟುಗಳಿಗೆ ಆಗಸ್ಟ್‌ನಲ್ಲಿ ಬೇರೆ ತೊಂದರೆ: ಟ್ಯಾಂಕಿನಲ್ಲಿ ಸೇರಿದ ನೀರು, ಕಟ್ಟಿಕೊಂಡ ಫಿಲ್ಟರ್, ಸೊರಗಿದ ಬ್ಯಾಟರಿ.

1996ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಔಟ್‌ಬೋರ್ಡ್ ಎಂಜಿನ್‌ಗಳ ಹೊಗೆಗೆ ಮಿತಿ ವಿಧಿಸಿದ ಮೇಲೆ ಹಳೆಯ ಕಾರ್ಬುರೇಟರ್‌ನ ಟು-ಸ್ಟ್ರೋಕ್ ಎಂಜಿನ್ ಅಲ್ಲಿ ಹಿಂದೆ ಸರಿದು, ಇಂಧನವನ್ನು ಅಳೆದು ಚಿಮ್ಮಿಸುವ ಎಂಜಿನ್ ಮುಂದೆ ಬಂತು. ಸೆನ್ಸರ್ ನೀಡುವ ಬಿಸಿಯ ಅಳತೆ ನೋಡಿ ಪುಟ್ಟ ಕಂಪ್ಯೂಟರ್ ತಾನೇ ಹೆಚ್ಚು ಇಂಧನ ಬಿಡುತ್ತದೆ. ಇಲ್ಲೂ ಹೊಸ ದೋಷ ಹುಟ್ಟಿತು. ಎಂಜಿನ್ ಬಿಸಿಯಾಗಿದೆ ಎಂದು ಸೆನ್ಸರ್ ತಪ್ಪು ಸುದ್ದಿ ಕೊಟ್ಟರೆ ಇಂಧನ ಸಾಲದೆ ಎಂಜಿನ್ ತಡವರಿಸುತ್ತದೆ. ಥರ್ಮೋಸ್ಟಾಟ್ ತೆರೆದಂತೆಯೇ ಸಿಕ್ಕಿಕೊಂಡರೆ ಹೊರಗಿನ ನೀರು ಸದಾ ಹರಿದು ಎಂಜಿನ್ ಬಿಸಿಯೇರುವುದೇ ಇಲ್ಲ.

ಈ ಎಲ್ಲ ಕಾಲಗಳ ಅನುಭವದಿಂದ ಗಟ್ಟಿಯಾದ ಪರೀಕ್ಷಾಕ್ರಮ ಒಂದೇ. ಬಿಸಿಯೇರಿದಾಗ ಮರೆಯಾಗುವ ದೋಷವೆಂದರೆ ಬಿಸಿ ಮುಚ್ಚಿಹಾಕಬಲ್ಲ ಕೊರತೆ: ಆವಿ ಕಡಿಮೆ, ಕಿಡಿ ದುರ್ಬಲ, ಇಲ್ಲವೇ ಒತ್ತಡ ಸಾಲದು. ಹಾಗಾಗಿ ಮೊದಲು ಇಂಧನದಲ್ಲಿ ನೀರಿದೆಯೇ, ಹಳತಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಚೋಕ್, ನಿಧಾನಗತಿಯ ಜೆಟ್, ಪ್ಲಗ್. ಡೀಸೆಲ್ ಆದರೆ ಗ್ಲೋ ಪ್ಲಗ್, ಬ್ಯಾಟರಿ, ನಾಜಲ್. ಇವೆಲ್ಲ ಸರಿಯಿದ್ದರೆ ಕೊನೆಗೆ ಕಂಪ್ರೆಶನ್ ಅಳೆಯುತ್ತಾರೆ, ಏಕೆಂದರೆ ಅದರ ದುರಸ್ತಿಗೆ ಎಂಜಿನ್ ಬಿಚ್ಚಬೇಕು. ಬಿಸಿಯಾದ ಮೇಲಷ್ಟೇ ದೋಷ ಕಾಣಿಸಿಕೊಂಡರೆ ಹುಡುಕಾಟದ ದಿಕ್ಕೇ ಬೇರೆ. ಅಲ್ಲಿ ಮೊದಲು ನೋಡುವುದು ಇಗ್ನಿಷನ್ ಕಾಯಿಲ್ ಮತ್ತು ತಂಪಿನ ನೀರಿನ ಹರಿವನ್ನು.