ಖಾಲಿ ಡಬ್ಬ, ಹಳೇ ಲುಂಗಿ, ಅಕ್ಕಿ ಚೀಲ: ರೂಮಿನಲ್ಲಿ ಯಾವುದು ಮತ್ತೆ ಬಳಕೆಗೆ, ಯಾವುದು ಕಸಕ್ಕೆ?

ಬೆಡ್ ಸ್ಪೇಸ್‌ನಲ್ಲಿ ಇರುವವರಿಗೆ ಸ್ವಂತದ್ದು ಅಂತ ಇರುವುದು ಒಂದು ಮಂಚ, ಅದರ ಕೆಳಗೆ ಒಂದು ಸೂಟ್‌ಕೇಸ್ ಹಿಡಿಯುವಷ್ಟು ಜಾಗ, ಕಿಚನ್‌ನಲ್ಲಿ ಅರ್ಧ ಶೆಲ್ಫು. ಫ್ಯಾಮಿಲಿ ಕರೆಸಿಕೊಂಡವರ ಸ್ಟುಡಿಯೋ ಫ್ಲ್ಯಾಟ್ ಕೂಡ ಇದಕ್ಕಿಂತ ಬಹಳ ದೊಡ್ಡದೇನಲ್ಲ. "ಬಿಸಾಡಬೇಡ, ಯಾವತ್ತಾದರೂ ಬೇಕಾಗ್ತದೆ" ಎನ್ನುವ ಊರಿನ ಅಭ್ಯಾಸವನ್ನು ಇಲ್ಲಿಗೂ ತಂದರೆ ಎರಡೇ ತಿಂಗಳಲ್ಲಿ ರೂಮು ಗುಜರಿ ಅಂಗಡಿಯಾಗುತ್ತದೆ. ಹಾಗಂತ ಎಲ್ಲ ಎಸೆದು ಹೊಸ ಡಬ್ಬ, ಹೊಸ ಚೀಲ ಅಂತ ಕೊಳ್ಳುತ್ತಾ ಹೋದರೆ ಊರಿಗೆ ಕಳಿಸುವ ಹಣಕ್ಕೇ ಕತ್ತರಿ. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಲೇಬಾರದು ಎಂಬುದು ಇಲ್ಲಿದೆ.

ಮೊದಲು ಬಾಟಲಿ, ಡಬ್ಬ

ಯಾವ ಡಬ್ಬ ಕೈಗೆ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಮೊದಲು ಏನಿತ್ತು? ತಿನ್ನುವ ಸಾಮಾನು ಇದ್ದ ಡಬ್ಬದಲ್ಲಿ ತಿನ್ನುವ ಸಾಮಾನು. ಪೇಂಟ್, ಸೋಪಿನ ನೀರು, ಕೀಟನಾಶಕ, ಎಂಜಿನ್ ಆಯಿಲ್ ಇದ್ದದ್ದನ್ನು ಎಷ್ಟು ತೊಳೆದರೂ ಅಡುಗೆಮನೆಗೆ ತರಬೇಡಿ. ಸೈಟಿನಿಂದ ತಂದ ಪೇಂಟ್ ಬಕೆಟ್ ನೆಲ ಒರೆಸಲು, ಬಟ್ಟೆ ನೆನೆಹಾಕಲು ಸಾಕು. ಅದರಲ್ಲಿ ಅಕ್ಕಿ ತುಂಬಿಸಿಡುವುದನ್ನೂ, ಕುಡಿಯುವ ನೀರು ಹಿಡಿದಿಡುವುದನ್ನೂ ಕಂಡಿದ್ದೇನೆ. ಅದು ಉಳಿತಾಯ ಅಲ್ಲ ಮಾರಾಯ್ರೆ.

ಇದರ ಉಲ್ಟಾ ಇನ್ನೂ ಅಪಾಯ. ನಮ್ಮ ಹಳೆಯ ರೂಮಿನಲ್ಲೇ ನಡೆದದ್ದು ಹೇಳುತ್ತೇನೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ದೊಡ್ಡ ಕ್ಯಾನಿನಲ್ಲಿ ತಂದರೆ ಅಗ್ಗ ಅಂತ ತಂದು, ಪಕ್ಕದ ರೂಮಿನವರ ಜೊತೆ ಹಂಚಿಕೊಳ್ಳಲು ನೀರಿನ ಬಾಟಲಿಗೆ ತುಂಬಿಸಿ ಇಟ್ಟಿದ್ದೆವು. ರಾತ್ರಿ ಡ್ಯೂಟಿ ಮುಗಿಸಿ ಬಂದ ಒಬ್ಬರು, ಮಲಗಿದವರಿಗೆ ತೊಂದರೆ ಬೇಡ ಎಂದು ಲೈಟ್ ಹಾಕದೆ, ನೀರು ಅಂತ ಅದನ್ನು ಬಾಯಿಗೆ ಹಾಕಿಕೊಂಡರು. ಒಂದೇ ಗುಟುಕು. ಬಾಯಿ, ಗಂಟಲು ಸುಟ್ಟುಹೋಗಿ ಎಷ್ಟೋ ದಿನ ಗಂಜಿಯ ತಿಳಿ ಬಿಟ್ಟು ಬೇರೇನೂ ಇಳಿಯಲಿಲ್ಲ. ಉಳಿಸಿದ್ದು ಐದಾರು ದಿರ್ಹಮ್. ಅವರ ಒಳ್ಳೆಯತನವೇ ಅವರಿಗೆ ಮುಳುವಾಯಿತಲ್ಲ ಎಂದು ಇವತ್ತಿಗೂ ಬೇಸರ.

ಹಾಗಾಗಿ ಆಸಿಡ್, ಬ್ಲೀಚ್, ಫಿನಾಯಿಲ್ ಅದರದ್ದೇ ಬಾಟಲಿಯಲ್ಲಿ, ಲೇಬಲ್ ಸಮೇತ, ಕಿಚನ್‌ನಿಂದ ದೂರ ಇರಲಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಮೇಲೆ ಬರುವಾಗ ಅದು ಗಂಟಲನ್ನು ಎರಡನೇ ಸಲ ಸುಡುತ್ತದೆ. ಬಾಯಿ ಮುಕ್ಕಳಿಸಿ, ಆಂಬುಲೆನ್ಸ್‌ಗೆ ಫೋನ್ ಮಾಡಿ: ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹ್ರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಆ ಬಾಟಲಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಅಂದಹಾಗೆ, ಎರಡು ಬಾಟಲಿಯಲ್ಲಿ ಉಳಿದ ಸ್ವಲ್ಪ ಸ್ವಲ್ಪವನ್ನು ಒಂದಕ್ಕೆ ಸುರಿಯುವ ಅಭ್ಯಾಸವೂ ಬೇಡ. ಬ್ಲೀಚ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಕುತ್ತು.

ಇನ್ನು ಪ್ಲಾಸ್ಟಿಕ್ಕಿನ ತಳದಲ್ಲಿ ಇರುವ ತ್ರಿಕೋನದೊಳಗಿನ ಅಂಕಿ. ಅದು ಒಳ್ಳೆಯದು, ಕೆಟ್ಟದು ಎಂಬ ಮಾರ್ಕ್ ಅಲ್ಲ, ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತದೆ, ಅಷ್ಟೆ. ನೀರಿನ ಬಾಟಲಿಯಲ್ಲಿ 1 ಇರುತ್ತದೆ. ಇದಕ್ಕೆ ಬಿಸಿ ಆಗದು, ಸುಮಾರು 70 ಡಿಗ್ರಿಗೇ ಮೆತ್ತಗಾಗುತ್ತದೆ. ಚಹಾ, ಬಿಸಿನೀರು ಹಾಕಬೇಡಿ. ಬಾಯಿ ಸಣ್ಣದು, ಒಳಗೆ ಕೈ ಹೋಗುವುದಿಲ್ಲ, ತೊಳೆಯಲಾಗದೆ ಲೋಳೆ ಕಟ್ಟುತ್ತದೆ. ಕುಡಿಯುವ ನೀರಿಗೆ ಒಂದೆರಡು ದಿನ ಬಳಸಿ ಬಿಟ್ಟುಬಿಡಿ. ಹೋಟೆಲ್ ಪಾರ್ಸೆಲ್ ಬರುವ ಗಟ್ಟಿ ಡಬ್ಬಗಳಲ್ಲಿ ಸಾಮಾನ್ಯವಾಗಿ 5 ಇರುತ್ತದೆ. ಇದು ಬಿಸಿ ತಡೆಯುತ್ತದೆ, ಡ್ಯೂಟಿಗೆ ಊಟ ಒಯ್ಯಲು ಒಳ್ಳೆಯದು. ಮೈಕ್ರೋವೇವ್ ಗುರುತು ಇದ್ದರೆ ಮಾತ್ರ ಅದರಲ್ಲಿ ಬಿಸಿ ಮಾಡಿ. ಅರಿಶಿನದಿಂದ ಹಳದಿಯಾದರೆ ಹೆದರುವುದೇನೂ ಇಲ್ಲ, ಅದು ಬರೀ ಕಲೆ. ಗೀರು ಬಿದ್ದು ಒರಟಾದರೆ, ಬಿರುಕು ಬಿಟ್ಟರೆ ಎಸೆಯಿರಿ. 6 ಅಂದರೆ ಥರ್ಮೋಕೋಲ್ ಜಾತಿ; ಬಿಸಿ ಸಾರು ಹಾಕಲೇಬಾರದು. ಅಬುಧಾಬಿಯಲ್ಲಿ 2024ರ ಜೂನ್‌ನಿಂದ, ದುಬೈಯಲ್ಲಿ 2025ರ ಜನವರಿಯಿಂದ ಥರ್ಮೋಕೋಲ್ ಊಟದ ಡಬ್ಬ, ಕಪ್ಪುಗಳಿಗೆ ನಿಷೇಧವೇ ಬಂದಿದೆ.

ಹಾಲು, ಲಬನ್ ಬರುವ ಹಿಡಿಕೆ ಇರುವ ಬಿಳಿ ಕ್ಯಾನ್ ಸಾಮಾನ್ಯವಾಗಿ 2. ನನ್ನ ಲೆಕ್ಕದಲ್ಲಿ ರೂಮಿಗೆ ಅತ್ಯಂತ ಉಪಯೋಗದ ಖಾಲಿ ವಸ್ತು ಇದೇ. ಹಿಡಿಕೆಯನ್ನು ಮೇಲೆ ಉಳಿಸಿ ತಳವನ್ನು ಓರೆಯಾಗಿ ಕತ್ತರಿಸಿದರೆ ಅಕ್ಕಿ, ಗೋಧಿಹಿಟ್ಟು ತೆಗೆಯುವ ಸೌಟು ಸಿದ್ಧ. ಮುಚ್ಚಳ ಹಾಕಿಯೇ ಇರಬೇಕು, ಇಲ್ಲದಿದ್ದರೆ ಬಾಯಿಯಿಂದ ಸೋರುತ್ತದೆ. ಉಳಿದ ತಳ ಈರುಳ್ಳಿ, ಬೆಳ್ಳುಳ್ಳಿ ಇಡಲು. ಹಾಲಿನ ವಾಸನೆ ಹೋಗಲು ಬೇಕಿಂಗ್ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. 5 ಗ್ಯಾಲನ್‌ನ ನೀರಿನ ಬಾಟಲಿಗೆ ಮಾತ್ರ ಕತ್ತರಿ ಹಾಕಬೇಡಿ, ಅದರ ಡೆಪಾಸಿಟ್ ವಾಪಸ್ ಬರಬೇಕಲ್ಲ!

ಹಾಲಿನ ಪುಡಿಯ ತಗಡಿನ ಡಬ್ಬ ಬೇಳೆ, ಸಕ್ಕರೆ, ಮೆಣಸಿನಪುಡಿಗೆ ಸರಿ. ಉಪ್ಪಿನಕಾಯಿ, ಹುಣಸೆಹಣ್ಣು ಹಾಕಿದರೆ ಹುಳಿ ಮತ್ತು ಉಪ್ಪಿಗೆ ತಗಡು ತುಕ್ಕು ಹಿಡಿಯುತ್ತದೆ. ಅದಕ್ಕೆ ಗಾಜಿನ ಬಾಟಲಿಯೇ ಆಗಬೇಕು. ಹಿಂದೆ ಕರಾವಳಿಯ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ಟ್ಯಾಂಗ್ ಬಾಟಲಿಗಳ ಸಾಲು ಕಂಡರೆ ಸಾಕು, ಆ ಮನೆಯವರು ಯಾರೋ ಗಲ್ಫಿನಲ್ಲಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಬಟ್ಟೆ ಮತ್ತು ಚೀಲ

ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಪುಕ್ಕಟೆ ಸಿಗುತ್ತಿದ್ದ ಕಾಲ ಹೋಯಿತು. ಒಮಾನ್ 2021ರ ಜನವರಿಯಲ್ಲಿ, ಕತಾರ್ 2022ರ ನವೆಂಬರ್‌ನಲ್ಲಿ ನಿಷೇಧ ತಂದವು. ದುಬೈಯಲ್ಲಿ 2022ರ ಜುಲೈಯಿಂದ ಚೀಲವೊಂದಕ್ಕೆ 25 ಫಿಲ್ಸ್ ಹಾಕಿದರು, 2024ರಲ್ಲಿ ಒಮ್ಮೆ ಬಳಸಿ ಎಸೆಯುವ ಚೀಲವೇ ಬಂದ್. ಈಗ ಕೌಂಟರಿನಲ್ಲಿ ನಿಂತು ಪ್ರತಿಸಲ ಹೊಸ ಬಟ್ಟೆ ಚೀಲ ಕೊಂಡು ತಂದು, ಬಾಗಿಲ ಹಿಂದೆ ಇಪ್ಪತ್ತು ನೇತುಹಾಕಿದವರಿದ್ದಾರೆ. ಬಾಸ್ಮತಿ ಅಕ್ಕಿ ಬರುವ, ಹಿಡಿಕೆ ಮತ್ತು ಜಿಪ್ ಇರುವ ಚೀಲ ಇದ್ದರೆ ಅದೇ ಸಾಕು. ಒಳಮಗ್ಗುಲು ತಿರುಗಿಸಿ ಒಗೆದು ಒಣಗಿಸಿ, ಇಲ್ಲದಿದ್ದರೆ ಹೊಲಿಗೆಯ ಸಂದಿಯಲ್ಲಿ ಹುಳು ಉಳಿಯುತ್ತದೆ.

ಸೂಜಿಯೂ ಬೇಡ ಅನ್ನುವವರಿಗೆ ಹಳೆಯ ಟೀಶರ್ಟ್ ಚೀಲ. ತೋಳು ಎರಡನ್ನೂ ಕತ್ತರಿಸಿ, ಕುತ್ತಿಗೆಯನ್ನು ಇನ್ನಷ್ಟು ಅಗಲ ಮಾಡಿ. ಕೆಳಗಿನ ಅಂಚಿನಲ್ಲಿ ಎರಡು ಬೆರಳು ಅಗಲದ, ನಾಲ್ಕು ಬೆರಳು ಉದ್ದದ ಪಟ್ಟಿಗಳಾಗಿ ಮುಂದೆ ಹಿಂದೆ ಒಟ್ಟಿಗೆ ಸೀಳಿ, ಮುಂದಿನದನ್ನು ಹಿಂದಿನದಕ್ಕೆ ಗಂಟು ಹಾಕುತ್ತಾ ಹೋಗಿ. ಆಮೇಲೆ ಪ್ರತಿ ಗಂಟಿನ ಒಂದು ಎಳೆಯನ್ನು ಪಕ್ಕದ ಗಂಟಿನ ಎಳೆಗೆ ಕಟ್ಟಿದರೆ ಸಂದಿ ಮುಚ್ಚುತ್ತದೆ. ತರಕಾರಿಗೆ ಧಾರಾಳ ಸಾಕು. ಅಕ್ಕಿ, ಎಣ್ಣೆ ಕ್ಯಾನ್ ಹಾಕಬೇಡಿ, ಬಟ್ಟೆ ಎಳೆದು ನೆಲ ಮುಟ್ಟುತ್ತದೆ.

ಮನೆಯಲ್ಲಿ ಹೊಲಿಯುವವರಿದ್ದರೆ ಹಳೆಯ ಲುಂಗಿ, ಹತ್ತಿ ಸೀರೆ, ಬೆಡ್‌ಶೀಟ್‌ಗಳಿಗೆ ಕೌದಿಗಿಂತ ಒಳ್ಳೆಯ ದಾರಿ ಇಲ್ಲ. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯ ಕ್ರಮವೇ ಬೇರೆ. ಅವರು ಹಾಸುಬಟ್ಟೆಯ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ತುಂಡು ಹೊಲಿಯುತ್ತಾರೆ, ಅದಕ್ಕೆ ಫೂಲ್ ಎಂಬ ಹೆಸರು. ಅದಿಲ್ಲದೆ ಕವಂದಿ ಮುಗಿದಂತೆ ಅವರಿಗೆ ಅನ್ನಿಸುವುದಿಲ್ಲ.

ಅಂಚಿನಿಂದ ಒಳಗೆ ಬರುವ ಈ ಕ್ರಮ ಫ್ಲ್ಯಾಟಿನಲ್ಲಿ ಕೂತು ಹೊಲಿಯುವವರಿಗೂ ಅನುಕೂಲ, ಚೌಕಟ್ಟು ಬೇಡ, ತೊಡೆಯ ಮೇಲೆ ಹಾಕಿಕೊಂಡರೆ ಆಯಿತು. ಮಗುವಿಗಾದರೆ 3 ಅಡಿ ಅಗಲ, 4 ಅಡಿ ಉದ್ದ ಸಾಕು. ಎಲ್ಲ ಬಟ್ಟೆಯನ್ನೂ ಮೊದಲು ಬಿಸಿನೀರಿನಲ್ಲಿ ಒಗೆಯಿರಿ. ಕುಗ್ಗುವುದು, ಬಣ್ಣ ಬಿಡುವುದು ಆಗಲೇ ಆಗಿಹೋಗಲಿ. ತುಂಡಿನ ಅಂಚನ್ನು ಒಳಕ್ಕೆ ಮಡಿಸಿ, ಹಿಂದಿನ ತುಂಡಿನ ಮೇಲೆ ಸ್ವಲ್ಪ ಹತ್ತಿಸಿ, ಸಾದಾ ನೇರ ಹೊಲಿಗೆ ಹಾಕುತ್ತಾ ಹೋಗಿ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಬೆವರು ಹೀರದ ಪಾಲಿಯೆಸ್ಟರ್ ಸೇರಿಸಬೇಡಿ. ಎಸಿ ರೂಮಿನ ತಂಪಿಗೆ ಇಷ್ಟು ದಪ್ಪ ಹದವಾಗಿರುತ್ತದೆ. ಸ್ಕೂಲ್ ರಜೆಯಲ್ಲಿ ಅಜ್ಜಿಯ ಸೀರೆಯ ತುಂಡು ಊರಿನಿಂದ ತಂದು ಸೇರಿಸಿದವರೂ ಇದ್ದಾರೆ.

ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ನೆಲ ಒರೆಸಲು, ಗಿಡಕ್ಕೆ ಆಗುತ್ತದೆ, ಕುಡಿಯಲು, ಅಡುಗೆಗೆ ಆಗದು. ಬಕೆಟ್ಟಿನಲ್ಲಿ ನಾಲ್ಕು ದಿನ ಬಿಟ್ಟರೆ ಸೊಳ್ಳೆ. 5 ಲೀಟರ್ ಎಣ್ಣೆ ಕ್ಯಾನಿನ ಮೇಲ್ಭಾಗ ಕತ್ತರಿಸಿ, ತಳದಲ್ಲಿ ತೂತು ಮಾಡಿ, ತೆಂಗಿನನಾರಿನ ಪುಡಿ ಬೆರೆಸಿದ ಮಣ್ಣು ತುಂಬಿಸಿದರೆ ಬಸಳೆಯ ದಂಟು ಸುಲಭವಾಗಿ ಬೇರು ಬಿಡುತ್ತದೆ. ಬಿಸಿಲು ಇಳಿದ ಅಕ್ಟೋಬರ್ ನಂತರ ನೆಡಿ.

ಊರಿಗೆ ಹೋಗುವಾಗ

ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಹಗ್ಗ ಬಿಗಿದು ಲಗೇಜ್ ಮಾಡುವ ಕಾಲವೂ ಮುಗಿಯಿತು. 2017ರ ಮಾರ್ಚ್ 8ರಿಂದ ದುಬೈ ಏರ್‌ಪೋರ್ಟಿನಲ್ಲಿ ಉರುಟು ಗಂಟು, ಆಕಾರ ಇಲ್ಲದ ಮೂಟೆ ತೆಗೆದುಕೊಳ್ಳುವುದಿಲ್ಲ, ಒಂದು ಬದಿಯಾದರೂ ಚಪ್ಪಟೆ ಇರಬೇಕು. ಕೌಂಟರಿನಲ್ಲಿ ಮೂಟೆ ಬಿಚ್ಚಿ ಹೊಸ ಪೆಟ್ಟಿಗೆಗೆ ತುಂಬಿಸುವ ಪಜೀತಿ ಬೇಡ. ಸೂಪರ್‌ಮಾರ್ಕೆಟ್ಟಿನಲ್ಲಿ ಕೇಳಿದರೆ ಬಾಳೆಹಣ್ಣಿನ ದಪ್ಪ ರಟ್ಟಿನ ಪೆಟ್ಟಿಗೆ ಸಿಗುತ್ತದೆ, ಕೈ ಹಾಕಲು ತೂತೂ ಇರುತ್ತದೆ. ಆದರೆ ಅದರ ತಳದಲ್ಲೂ ದೊಡ್ಡ ತೂತು ಇರುತ್ತದೆ. ಇನ್ನೊಂದು ರಟ್ಟಿನ ಹಾಳೆ ಹಾಸಿ, ಹೊರಗಿನಿಂದ ಅಗಲದ ಟೇಪ್ ಸುತ್ತಿ. ಹಗ್ಗ ಬೇಡ, ಎಷ್ಟೋ ಕಡೆ ಅದಕ್ಕೂ ತಕರಾರು ಮಾಡುತ್ತಾರೆ.

ಗಾಜಿನ ಬಾಟಲಿ ಒಯ್ಯುವವರು ಖಾಲಿ ಒಯ್ಯಬೇಡಿ. ಒಳಗೆ ಬಾದಾಮಿ, ಖರ್ಜೂರ ತುಂಬಿಸಿ, ಹಳೆಯ ಬನಿಯನ್ ಸುತ್ತಿ, ಪೆಟ್ಟಿಗೆಯ ನಡುವೆ ಬಟ್ಟೆಗಳ ಮಧ್ಯೆ ನಿಲ್ಲಿಸಿ.