ಒಂದೇ ಉರಿಯೂತಕ್ಕೆ ಎರಡು ಅಂಕ: ಉದರ ಕ್ಷಯ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಸೂಚ್ಯಂಕ

ಹೊಟ್ಟೆಯಲ್ಲಿ ನೀರು, ಕಿಬ್ಬೊಟ್ಟೆಯಲ್ಲಿ ಗಡ್ಡೆ, ತೂಕದ ಇಳಿತ, ರಕ್ತದಲ್ಲಿ ಏರಿದ ಸಿಎ-125 ಎಂಬ ಪ್ರೋಟೀನ್: ಈ ನಾಲ್ಕೂ ಒಬ್ಬ ಮಹಿಳೆಯಲ್ಲಿ ಕಂಡರೆ ಅಂಡಾಶಯದ ಕ್ಯಾನ್ಸರ್ ಹರಡಿದೆಯೆಂಬ ಶಂಕೆ ಸಹಜ. ಉದರ ಕ್ಷಯವೂ ಇದೇ ರೂಪದಲ್ಲಿ ಬರುತ್ತದೆಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಉದರಪೊರೆ ನುಣುಪಾಗಿ ದಪ್ಪಗಾಗಿದ್ದರೆ ಕ್ಷಯದತ್ತ, ಗಂಟುಗಂಟಾಗಿದ್ದರೆ ಕ್ಯಾನ್ಸರಿನತ್ತ ಒಲವು ಹುಟ್ಟುತ್ತದೆ. ಆದರೆ ಹಲವರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರುವುದಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಎರಡೂ ಹೊಳೆಯುತ್ತವೆ. ಹೊಟ್ಟೆಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಷಯಾಣು ಸಿಗುವುದು ನೂರು ರೋಗಿಗಳಲ್ಲಿ ಐವರಿಗಿಂತ ಕಡಿಮೆ ಮಂದಿಯಲ್ಲಿ. ಕಲ್ಚರ್ ವರದಿಗೆ ವಾರಗಟ್ಟಲೆ ಕಾಯಬೇಕು.

ಚರ್ಚೆಗೆ ಎಡೆಯಿರುವುದು 1990ರಲ್ಲಿ ಇಯಾನ್ ಜೇಕಬ್ಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ರೂಪಿಸಿದ ಅಪಾಯ ಸೂಚ್ಯಂಕದ ಬಗ್ಗೆ. ಅಲ್ಟ್ರಾಸೌಂಡ್ ಅಂಕ, ಮುಟ್ಟು ನಿಂತಿದೆಯೇ ಎಂಬುದರ ಅಂಕ, ಸಿಎ-125ರ ಮೌಲ್ಯ, ಈ ಮೂರನ್ನೂ ಗುಣಿಸಬೇಕು. ಹಲವು ಕೋಣೆಗಳಿರುವ ಗಡ್ಡೆ, ಗಟ್ಟಿ ಭಾಗ, ಎರಡೂ ಬದಿಯ ಗಡ್ಡೆ, ಹೊಟ್ಟೆಯ ನೀರು, ಬೇರೆಡೆಗೆ ಹರಡಿದ ಗುರುತು, ಇವುಗಳಲ್ಲಿ ಒಂದಿದ್ದರೆ 1 ಅಂಕ, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ನಿಲ್ಲದವರಿಗೆ 1, ನಿಂತವರಿಗೆ 3. ಗುಣಲಬ್ಧ 200 ದಾಟಿದರೆ ಕ್ಯಾನ್ಸರಿನ ಅಪಾಯ ಹೆಚ್ಚು.

ನನ್ನ ತಕರಾರು ಈ ಗುಣಾಕಾರದ ಬಗ್ಗೆ. ಬೇರೆ ಬೇರೆ ಮೂಲದ ಸುಳಿವುಗಳನ್ನು ಗುಣಿಸಿದರೆ ಅರ್ಥವಿದೆ. ಆದರೆ ಸಿಎ-125 ಅಂಡಾಶಯದ ಗಡ್ಡೆಯೊಂದರಿಂದಲೇ ಬರುವುದಲ್ಲ. ಉದರಪೊರೆಯ ಹೊರಪದರದ ಕೋಶಗಳು ಕೆರಳಿದರೂ ಅದನ್ನು ಸ್ರವಿಸುತ್ತವೆ. ಕ್ಷಯದಲ್ಲಿ ನೀರು ಒಸರುವುದೂ ಅದೇ ಪೊರೆಯಿಂದ. ಅಂದರೆ ಒಂದೇ ಉರಿಯೂತ ಅಲ್ಟ್ರಾಸೌಂಡ್ ಅಂಕವನ್ನೂ ರಕ್ತದ ಅಂಕವನ್ನೂ ಏರಿಸುತ್ತದೆ; ಗುಣಾಕಾರ ಅದನ್ನು ಎರಡು ಸಾಕ್ಷ್ಯವೆಂದು ಎಣಿಸುತ್ತದೆ.

ಲೆಕ್ಕವನ್ನೇ ಹಾಕಿ ನೋಡೋಣ. ಇನ್ನೂ ಮುಟ್ಟಾಗುವ ಮಹಿಳೆಗೆ ಹೊಟ್ಟೆಯಲ್ಲಿ ನೀರೂ, ಕ್ಷಯದಿಂದ ಎರಡೂ ಬದಿಯ ಗರ್ಭನಾಳ-ಅಂಡಾಶಯಗಳು ಅಂಟಿಕೊಂಡು ಆದ ಗಡ್ಡೆಯೂ ಇದ್ದರೆ ಅಲ್ಟ್ರಾಸೌಂಡ್ ಅಂಕ 3. ಸಿಎ-125 ಬರೀ 67 ಇದ್ದರೂ ಗುಣಲಬ್ಧ 201; ಮಿತಿ ದಾಟಿತು. ಸಾಮಾನ್ಯ ಮಿತಿ 35 ಆಗಿದ್ದು, ಉದರ ಕ್ಷಯದಲ್ಲಿ ಸಿಎ-125 ನೂರಾರು ತಲಪುವುದು ಅಪರೂಪವಲ್ಲ.

ಇಲ್ಲಿ ಎಚ್ಚರ ಬೇಕು. ಆ ಸೂಚ್ಯಂಕ ತಪ್ಪೆಂದು ನಾನು ಹೇಳುತ್ತಿಲ್ಲ. ಯಾರನ್ನು ಕ್ಯಾನ್ಸರ್ ಕೇಂದ್ರಕ್ಕೆ ಕಳಿಸಬೇಕೆಂದು ತಿಳಿಯುವುದಕ್ಕೆ ಅದು ಹುಟ್ಟಿತು. ಹೆಚ್ಚು ಅಂಕದವರನ್ನು ಕಳಿಸುವುದು ಇಂದಿಗೂ ಸರಿ. ಹೊಟ್ಟೆಯ ನೀರೂ ಸಿಎ-125ರ ಏರಿಕೆಯೂ ಕ್ಯಾನ್ಸರಿನಲ್ಲಿಯೂ ಪರಸ್ಪರ ಸಂಬಂಧ ಹೊಂದಿರಬಹುದು. ನಾನು ಹೇಳುವುದಿಷ್ಟೇ: ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇರುವ ಭಾರತದಲ್ಲಿ, ಈ ಅಂಕವನ್ನೇ ನಿದಾನವೆಂದು ಭಾವಿಸಿ ಗರ್ಭಕೋಶ, ಅಂಡಾಶಯಗಳನ್ನು ತೆಗೆಯುವ ನಿರ್ಧಾರ ಮಾಡಬಾರದು. ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆಗೆ ಒಬ್ಬ ಯುವತಿ ತಾಯ್ತನವನ್ನೇ ಕಳೆದುಕೊಳ್ಳಬೇಕಾದೀತು. ಹಾಗೆಂದು ಕ್ಷಯವೆಂದುಕೊಂಡು ಎರಡು ತಿಂಗಳು ಮಾತ್ರೆ ಕೊಟ್ಟು ಕಾಯುವುದೂ ಸಲ್ಲದು. ಕ್ಯಾನ್ಸರ್ ಇದ್ದವರಿಗೆ ಆ ಎರಡು ತಿಂಗಳು ಬಹಳ ದುಬಾರಿ.

ನಡುವಿನ ಮೆಟ್ಟಿಲು ಹೊಟ್ಟೆಯ ನೀರಿನಲ್ಲಿ ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವದ ಪರೀಕ್ಷೆ. ಲೀಟರಿಗೆ ಸುಮಾರು 39 ಯೂನಿಟ್ ಮೀರಿದರೆ ಕ್ಷಯದ ಸಂಭವ ಬಲವಾಗುತ್ತದೆ; ಯಕೃತ್ತಿನ ಸಿರೋಸಿಸ್ ಜೊತೆಗಿದ್ದರೆ ಈ ಮೌಲ್ಯ ತಗ್ಗಬಹುದು. ಕೊನೆಯ ಮಾತು ಅಂಗಾಂಶದ್ದು. ಲ್ಯಾಪರೊಸ್ಕೋಪಿಯಲ್ಲಿ ಉದರಪೊರೆಯ ತುಂಬ ನವಣೆಕಾಳಿನಂಥ ಬಿಳಿ ಕಾಳುಗಳು, ಎಳೆದ ದಾರದಂಥ ಅಂಟುಗಳು ಕಂಡರೂ, ಕಣ್ಣಿಗೆ ಕಂಡದ್ದನ್ನೇ ನಂಬುವಂತಿಲ್ಲ. ಕ್ಯಾನ್ಸರಿನ ಬಿತ್ತನೆಯೂ ಹಾಗೆಯೇ ತೋರಬಹುದು. ಆ ಕಾಳಿನ ಬಯಾಪ್ಸಿಯಲ್ಲಿ ಕ್ಷಯವನ್ನು ಸೂಚಿಸುವ ಗ್ರಾನುಲೋಮ ಸಿಕ್ಕಿದರೆ ಶಸ್ತ್ರಚಿಕಿತ್ಸೆ ಅಲ್ಲಿಗೇ ನಿಲ್ಲಬೇಕು.

ಎರಡು ಪ್ರಶ್ನೆಗಳು ಉಳಿಯುತ್ತವೆ. ಹೊಟ್ಟೆಯ ನೀರನ್ನು ಅಂಕದಿಂದ ಕೈಬಿಟ್ಟರೆ, ಕ್ಯಾನ್ಸರ್ ಇರುವ ಎಷ್ಟು ಮಂದಿ ಜರಡಿಯಿಂದ ಜಾರಿಹೋಗುತ್ತಾರೆ? ಉದರಪೊರೆಯ ಉರಿಗೆ ಅಷ್ಟಾಗಿ ಏರದ ಎಚ್‌ಇ4 ಎಂಬ ಇನ್ನೊಂದು ಪ್ರೋಟೀನ್ ನಮ್ಮ ರೋಗಿಗಳಲ್ಲಿ ಸಿಎ-125ಕ್ಕೆ ಬದಲಿಯಾದೀತೇ? ಇವಕ್ಕೆ ಉತ್ತರಿಸಲು ಬಯಾಪ್ಸಿಯಿಂದ ಖಚಿತವಾದ ಎರಡೂ ಕಾಯಿಲೆಗಳ ರೋಗಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಅಧ್ಯಯನ ಬೇಕು. ಇಲ್ಲಿನ ವಾದ ಆ ಪರೀಕ್ಷೆಗೆ ಒಳಪಡಬೇಕಾದ ಒಂದು ಊಹೆ ಮಾತ್ರ.