ವಿಚ್ಛೇದನದ ಬಾಗಿಲು

1961ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ಒಂದು ಚಲನಚಿತ್ರ ತೆರೆ ಕಂಡಿತು. ನಿರ್ದೇಶಕ ಪಿಯೆತ್ರೊ ಜೆರ್ಮಿ, ನಾಯಕ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಇಟಲಿ ಪದ್ಧತಿಯ ವಿಚ್ಛೇದನ’. ಸಿಸಿಲಿಯ ಹಳೆಯ ಜಮೀನ್ದಾರ ಮನೆತನದವನೊಬ್ಬನಿಗೆ ಹೆಂಡತಿ ಬೇಡವಾಗಿದ್ದಾಳೆ. ನಂಟಿನ ಎಳೆಯ ಹುಡುಗಿಯೊಬ್ಬಳ ಮೇಲೆ ಮನಸ್ಸಾಗಿದೆ. ಆ ದೇಶದ ಕಾನೂನಿನಲ್ಲಿ ಆಗ ವಿಚ್ಛೇದನವೇ ಇರಲಿಲ್ಲ. ಆದರೆ ಪರಪುರುಷನೊಡನೆ ಸಿಕ್ಕಿಬಿದ್ದ ಹೆಂಡತಿಯನ್ನು ‘ಮಾನ’ಕ್ಕಾಗಿ ಕೊಂದವನಿಗೆ ಮೂರರಿಂದ ಏಳು ವರ್ಷ ಮಾತ್ರ ಸೆರೆವಾಸ. ಇನ್ನೇನು, ಈ ಮಹಾಶಯ ತನ್ನ ಹೆಂಡತಿಗೆ ತಾನೇ ಒಬ್ಬ ಪ್ರಿಯಕರನನ್ನು ಹುಡುಕಲು ಹೊರಡುತ್ತಾನೆ!

ಈ ಚಿತ್ರಕಥೆಗೆ 1963ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ನೋಡುವವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆದರೆ ಆ ಕಾನೂನು ಕಟ್ಟುಕಥೆಯಲ್ಲ, ನಿಜವಾದದ್ದೇ. ಇಟಲಿಗೆ ವಿಚ್ಛೇದನದ ಕಾಯಿದೆ ಬಂದದ್ದು 1970ರಲ್ಲಿ. ಅದನ್ನು ರದ್ದುಮಾಡಬೇಕೆಂದು 1974ರಲ್ಲಿ ಜನಮತಗಣನೆ ನಡೆದಾಗ ನೂರಕ್ಕೆ 59ರಷ್ಟು ಜನ ಕಾಯಿದೆ ಇರಲೆಂದರು. ಮಾನಕ್ಕಾಗಿ ಕೊಂದವನಿಗೆ ಇದ್ದ ರಿಯಾಯಿತಿ ಹೋದದ್ದು 1981ರಲ್ಲಿ.

‘ಅದು ಇಟಲಿಯ ಮಾತು, ನಮಗೇಕೆ?’ ಎಂದು ಓದುಗರು ಕೇಳಬಹುದು. ನಮ್ಮ ಚರಿತ್ರೆಯನ್ನೂ ಸ್ವಲ್ಪ ನೋಡೋಣ.

ಶಾಸ್ತ್ರ ತಿಳಿದವರ ಮನೆಗಳಲ್ಲಿ ವಿವಾಹವೆಂದರೆ ಸಂಸ್ಕಾರ, ಅದನ್ನು ಮುರಿಯುವಂತಿಲ್ಲ. ಆದರೆ ಈ ಕಟ್ಟು ಹೆಂಡತಿಗೆ ಮಾತ್ರ. ಗಂಡ ಇನ್ನೊಂದು ಮದುವೆ ಮಾಡಿಕೊಳ್ಳಬಹುದಾಗಿತ್ತು. ಅವನಿಗೆ ವಿಚ್ಛೇದನದ ಅಗತ್ಯವೇ ಇರಲಿಲ್ಲ. ಇನ್ನೊಂದು ಕಡೆ, ಉತ್ತರ ಕರ್ನಾಟಕದ ಅನೇಕ ದುಡಿಯುವ ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆದುಕೊಡುವ ರೂಢಿಯಿತ್ತು. ಬಿಟ್ಟುಬಂದ ಹೆಣ್ಣು ಉಡಿಕೆಯಾಗಿ ಮತ್ತೊಂದು ಮನೆ ಸೇರಬಹುದಿತ್ತು. ನಮ್ಮ ನೆರೆಯ ಮರಾಠಿಗರು ಇಂದಿಗೂ ವಿಚ್ಛೇದನಕ್ಕೆ ‘ಕಾಡಿಮೋಡ್’ ಎನ್ನುತ್ತಾರೆ. ಕಡ್ಡಿ ಮುರಿದಂತೆ ಸಂಬಂಧ ಮುರಿಯಿತೆಂದು ಅರ್ಥ. ಉಡಿಕೆಯನ್ನು ಕೀಳೆಂದು ಕಂಡವರ ಮನೆಗಳಲ್ಲಿಯೇ ನೊಂದ ಹೆಣ್ಣಿಗೆ ಹೊರಬರುವ ದಾರಿಯಿರಲಿಲ್ಲ.

ಸ್ವಾತಂತ್ರ್ಯದ ಹೊತ್ತಿನಲ್ಲಿ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರಷ್ಟೆ. ಅವರ ದಾಂಪತ್ಯದ ಕಾನೂನೂ ಹಾಗೆಯೇ ಹಂಚಿಹೋಗಿತ್ತು. ಧಾರವಾಡದ ಹೆಣ್ಣುಮಗಳಿಗೆ ಮುಂಬಯಿ ಪ್ರಾಂತದ 1947ರ ಹಿಂದೂ ವಿಚ್ಛೇದನ ಕಾಯಿದೆ. ಮಂಗಳೂರು, ಬಳ್ಳಾರಿಯವರಿಗೆ ಮದರಾಸಿನ 1949ರ ಕಾಯಿದೆ. ಮೈಸೂರಿನ 1933ರ ಕಾಯಿದೆ ಸ್ತ್ರೀಯರ ಆಸ್ತಿಯ ಹಕ್ಕನ್ನು ಹಿಗ್ಗಿಸಿತು, ವಿಚ್ಛೇದನದ ತನಕ ಹೋಗಲಿಲ್ಲ. ಮಧ್ಯಪ್ರಾಂತದ ರಾಜಧಾನಿಯಾಗಿದ್ದ ನಮ್ಮ ನಾಗಪುರಕ್ಕೆ ಮುಂಬಯಿಯ ಕಾಯಿದೆಯಾಗಲಿ ಮದರಾಸಿನದಾಗಲಿ ಅನ್ವಯಿಸುತ್ತಿರಲಿಲ್ಲ. 1946ರ ಕೇಂದ್ರ ಕಾಯಿದೆಯಂತೆ ಕೆಲವು ಸಂದರ್ಭಗಳಲ್ಲಿ ಬೇರೆ ಇದ್ದು ಜೀವನಾಂಶ ಕೇಳಬಹುದಿತ್ತು, ಅಷ್ಟೆ.

ಈ ಗೊಂದಲವನ್ನು ನಿವಾರಿಸಲು ಹೊರಟ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಸಮಿತಿ 1945ರಲ್ಲಿ ಊರೂರು ಸುತ್ತಿ ಸಾಕ್ಷ್ಯ ಕೇಳಿತು, ನಾಗಪುರಕ್ಕೂ ಬಂದಿತ್ತು. ಮುಂದೆ ಹಿಂದೂ ಸಂಹಿತೆಯ ಮಸೂದೆಯನ್ನು ಹೊತ್ತವರು ಡಾ. ಅಂಬೇಡ್ಕರ್. ಅದು ಮುಂದೆ ಸಾಗದೆ ನಿಂತದ್ದು 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿ ಬಿಡಲು ಒಂದು ಮುಖ್ಯ ಕಾರಣ. ಕೊನೆಗೆ 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂತು. ಏಕಪತ್ನೀತ್ವ ಕಡ್ಡಾಯವಾಯಿತು, ವಿಚ್ಛೇದನ ಸಾಧ್ಯವಾಯಿತು, ರೂಢಿಯ ಸೋಡಚೀಟಿಗೂ ಮಾನ್ಯತೆ ಉಳಿಯಿತು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ಅವಕಾಶ ಈ ಕಾಯಿದೆಯಲ್ಲಿ ಸೇರಿದ್ದು 1976ರಲ್ಲಿ.

‘ಮಾನ’ದ ಮಾತು ನಮ್ಮಲ್ಲೂ ಕೇಳಿಬಂದಿತ್ತು. 1959ರಲ್ಲಿ ಮುಂಬಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದಾಗ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರ್ದೋಷಿ ಎಂದರು. ಜನರೂ ಚಪ್ಪಾಳೆ ತಟ್ಟಿದರು. ಹೈಕೋರ್ಟು ಒಪ್ಪಲಿಲ್ಲ. 1961ರ ನವೆಂಬರಿನಲ್ಲಿ, ಇಟಲಿಯ ಚಿತ್ರ ಬಿಡುಗಡೆಯಾಗುವುದಕ್ಕೆ ಒಂದು ತಿಂಗಳ ಮೊದಲು, ಸುಪ್ರೀಂ ಕೋರ್ಟು ಅವರ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. 1964ರಲ್ಲಿ ಕ್ಷಮಾದಾನವಾಯಿತು, ಆ ಮಾತು ಬೇರೆ.

ಕಾನೂನು ಬಂದ ಮಾತ್ರಕ್ಕೆ ಬುದ್ಧಿ ಬರುತ್ತದೆಯೆ? ಕೇಂದ್ರ ಸರಕಾರದ ನೌಕರರು ಒಬ್ಬ ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗಬಾರದೆಂದು 1964ರ ನಡತೆ ನಿಯಮಗಳು ಹೇಳುತ್ತವೆ. ಹಾಗಿದ್ದೂ ಒಮ್ಮೆ ನನ್ನ ಮೇಜಿಗೆ ಒಂದು ಕುಟುಂಬ ಪಿಂಚಣಿಯ ಫೈಲು ಬಂತು. ತೀರಿಕೊಂಡವನು ಒಬ್ಬ, ಅರ್ಜಿ ಎರಡು, ಎರಡರಲ್ಲೂ ಹೆಂಡತಿ ಎಂದು ಸಹಿ. ಒಬ್ಬಾಕೆ ಊರಿನಲ್ಲಿ ಅತ್ತೆಯ ಸೇವೆ ಮಾಡಿಕೊಂಡು ಇಪ್ಪತ್ತು ವರ್ಷ ಕಾದವಳು. ಇನ್ನೊಬ್ಬಾಕೆಗೆ ಮೊದಲನೆಯವಳು ಇದ್ದಾಳೆಂಬುದೇ ಗೊತ್ತಿರಲಿಲ್ಲ. ನಿಯಮದಂತೆ ಪಿಂಚಣಿ ಮೊದಲನೆಯವಳಿಗೆ ಬಂತು. ಎರಡನೆಯಾಕೆ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಾತಿಲ್ಲದೆ ಮೆಟ್ಟಿಲಿಳಿದು ಹೋದದ್ದು ನನಗೆ ಇನ್ನೂ ಮರೆತಿಲ್ಲ. ಕಾನೂನು ತೆರೆದಿಟ್ಟ ಬಾಗಿಲಿನಿಂದ ಅವನು ಹೋಗಿದ್ದರೆ ಇಬ್ಬರ ಬಾಳೂ ಹೀಗಾಗುತ್ತಿರಲಿಲ್ಲ.

ಊರು ಬಿಟ್ಟು ದೂರ ಬಂದ ನಮ್ಮಂಥವರಲ್ಲಿ ‘ಊರಿನವರು ಏನೆಂದಾರು’ ಎಂಬ ಅಂಜಿಕೆ ಊರಿನಲ್ಲಿರುವವರಿಗಿಂತ ಹೆಚ್ಚು. ಮಗಳು ಕಣ್ಣೀರಿಡುತ್ತಿದ್ದರೂ ‘ಹೊಂದಿಕೊಂಡು ಹೋಗಮ್ಮ’ ಎನ್ನುತ್ತೇವೆ. ವಿಚ್ಛೇದನ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಮನೆ ಉಳಿದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ನಮ್ಮ ಹಿರಿಯರ ಪಂಚಾಯತಿ ಬಲ್ಲ ನ್ಯಾಯವನ್ನು ಮಗಳ ವಿಷಯದಲ್ಲಿ ನಾವು ಮರೆಯಬಾರದು. ಸಿಸಿಲಿಯ ಜಮೀನ್ದಾರನನ್ನು ನೋಡಿ ನಕ್ಕವರು ಮನೆಗೆ ಬಂದು ಇಷ್ಟನ್ನು ಯೋಚಿಸಿದರೆ ಸಾಕು.